ಪದಚರ್ಚೆ: ಡೈವೋರ್ಸ್ ಆದ ಹೆಂಡತಿಗೆ ಸಿಗುವುದನ್ನು ‘ಪಾಲು’ ಅನ್ನಬಹುದೇ?

ಬಳಗದವರಿಗೆಲ್ಲ ನಮಸ್ಕಾರ.

ಹಾಸನ ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳಿಗೆ ಅಂತ ಒಂದು ಪುಟ್ಟ ಕೈಪಿಡಿ ಸಿದ್ಧವಾಗುತ್ತಿದೆ. ಮದುವೆ ಮುರಿದಾಗ ಜಮೀನು ಯಾರಿಗೆ, ಮಕ್ಕಳು ಯಾರ ಹತ್ತಿರ, ತಿಂಗಳ ಖರ್ಚಿಗೆ ಯಾರು ಕೊಡಬೇಕು, ಇಷ್ಟೇ ವಿಷಯ. ಕಾನೂನು ನೋಡಿಕೊಳ್ಳಲು ವಕೀಲರಿದ್ದಾರೆ. ಕನ್ನಡ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟುಕೊಂಡವನು ನಾನು, ಅರ್ಜಿಯ ಕನ್ನಡ ಬಾಯಿಪಾಠ. ಆದರೆ ಆ ಕನ್ನಡ ಬೇರೆ, ಆಲೂರು ಅರಕಲಗೂಡಿನ ಹೆಂಗಸರು ಓದಿ ತಿಳಿದುಕೊಳ್ಳುವ ಕನ್ನಡ ಬೇರೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ಎಲ್ಲಕ್ಕಿಂತ ಮೊದಲು ‘ಪಾಲು’.

ನಮ್ಮ ಕಡೆ ಪಾಲು ಅಂದರೆ ಹುಟ್ಟಿನಿಂದ ಬರುವುದು. ‘ಅಣ್ತಮ್ಮಂದಿರು ಪಾಲಾದ್ರು’ ಅಂದರೆ ಒಲೆ ಬೇರೆಯಾಯಿತು, ಹೊಲ ಗದ್ದೆ ಹಂಚಿಕೊಂಡರು ಅಂತ ಅರ್ಥ. ಕೊಡದಿದ್ದರೆ ಜಗಳ ಮಾಡಿ ತೆಗೆದುಕೊಳ್ಳಬಹುದಾದದ್ದು ಪಾಲು. ಈಗ ಡೈವೋರ್ಸ್ ಮಾತು ಎದ್ದ ಕೂಡಲೇ ಎರಡೂ ಕಡೆಯವರು ಇದೇ ಪದ ಹಿಡಿಯುತ್ತಾರೆ. ಹುಡುಗಿ ಕಡೆಯವರು ‘ಗಂಡನ ಆಸ್ತೀಲಿ ಅರ್ಧ ಪಾಲು ಬರುತ್ತಲ್ವಾ’ ಅಂತ ಬರುತ್ತಾರೆ. ಹುಡುಗನ ಕಡೆಯವರು ‘ಕಾಫಿ ತೋಟದಲ್ಲಿ ಪಾಲು ಕೇಳ್ತಾಳೆ’ ಅಂತ ಹೆದರಿ, ತೋಟವನ್ನು ತಮ್ಮನ ಹೆಸರಿಗೆ ಮಾಡಿಸೋಕೆ ಓಡಾಡುತ್ತಾರೆ. ಆಸೆ ಪಟ್ಟವರಿಗೂ ಹೆದರಿದವರಿಗೂ ದಾರಿ ತಪ್ಪಿಸಿದ್ದು ಒಂದೇ ಪದ.

ಯಾಕೆಂದರೆ ಮದುವೆ ಮುರಿದರೆ ಆಸ್ತಿಯನ್ನು ಗಂಡ ಹೆಂಡತಿಗೆ ಸಮನಾಗಿ ಹಂಚಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲವೇ ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಉಳಿದುಕೊಂಡಿರುವುದರಿಂದ ಅಲ್ಲಿನ ಕಥೆ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಆಸ್ತಿಯ ಮಾತೆತ್ತುತ್ತದೆ ನಿಜ. ಆದರೆ ಅದು ಮದುವೆಯ ಹೊತ್ತಿನಲ್ಲಿ ಉಡುಗೊರೆ ಬಂದು, ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ. ಉಳಿದಂತೆ ಅವಳ ಹೆಸರಿನಲ್ಲಿರುವುದು ಅವಳದು. ಜಂಟಿಯಾಗಿ ಕೊಂಡದ್ದರಲ್ಲಿ ಅವಳ ಭಾಗ ಅವಳದು. ಸ್ತ್ರೀಧನ, ಅಂದರೆ ಅವಳಿಗೆಂದೇ ಕೊಟ್ಟ ಒಡವೆ, ಹಣ ಅಂತೂ ಪೂರ್ತಿ ಅವಳದೇ. ಅತ್ತೆಯ ಬೀರುವಿನಲ್ಲಿ ಇಟ್ಟ ಮಾತ್ರಕ್ಕೆ ಸರ ಅತ್ತೆಯದಾಗುವುದಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ.

ಹಾಗಾದರೆ ತೋಟ ಲೆಕ್ಕಕ್ಕೇ ಬರುವುದಿಲ್ಲವೇ? ಬರುತ್ತದೆ. ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ಶಾಶ್ವತ ಜೀವನಾಂಶ ಎಷ್ಟು ಅಂತ ತೀರ್ಮಾನಿಸುವಾಗ ಗಂಡನ ಆದಾಯ, ಆಸ್ತಿ ಎರಡನ್ನೂ ಕೋರ್ಟ್ ನೋಡುತ್ತದೆ. ಬೇಕಾದರೆ ಆ ಹಣಕ್ಕೆ ಭದ್ರತೆಯಾಗಿ ಅವನ ಜಮೀನಿನ ಮೇಲೆ ಋಣಭಾರ ಹೊರಿಸಬಹುದು. ಈ ಪದ ನಮ್ಮ ರೈತರಿಗೆ ಹೊಸದಲ್ಲ. ಬ್ಯಾಂಕ್ ಸಾಲ ಪಹಣಿಯ ಋಣಗಳ ಕಾಲಂನಲ್ಲಿ ಕೂರುವುದನ್ನು ಎಲ್ಲರೂ ನೋಡಿದ್ದಾರೆ. ಆದ್ದರಿಂದ ಕೈಪಿಡಿಯಲ್ಲಿ ‘ಗಂಡನ ಜಮೀನಿನಲ್ಲಿ ಹೆಂಡತಿಗೆ ಪಾಲಿಲ್ಲ, ಆದರೆ ಅವಳ ಜೀವನಾಂಶಕ್ಕೆ ಆ ಜಮೀನೇ ಆಧಾರವಾಗಬಹುದು’ ಅಂತ ಬರೆದಿದ್ದೇನೆ. ಈ ‘ಆಧಾರ’ ಸರಿಯೇ? ಈಗ ಆಧಾರ್ ಅಂದರೆ ಕಾರ್ಡು ಅನ್ನುವ ಕಾಲ.

ಇನ್ನೊಂದು ತೊಡಕು ಹೇಳುತ್ತೇನೆ. ಒಪ್ಪಿ ಬಿಡುವವರ ಜಂಟಿ ಅರ್ಜಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಒಂದನೇ ಅರ್ಜಿದಾರರ ಸ್ಥಿರ ಚರಾಸ್ತಿಗಳಲ್ಲಿ ಎರಡನೇ ಅರ್ಜಿದಾರರಿಗೆ ಯಾವುದೇ ಹಕ್ಕು, ಪಾಲು, ಹಿಸ್ಸೆ ಇರುವುದಿಲ್ಲ.’ ಒಮ್ಮೆ ಆಲೂರು ಕಡೆಯ ಹುಡುಗಿಗೆ ಇದನ್ನು ಓದಿ ಹೇಳುತ್ತಿದ್ದೆ. ಜೊತೆಯಲ್ಲಿ ಬಂದಿದ್ದ ಅವಳ ಅಜ್ಜಿ ಎಲೆಡಿಕೆ ಚೀಲ ಕೆಳಗಿಟ್ಟು, ‘ಪಾಲು’ ಅನ್ನುವ ಪದದ ಮೇಲೆ ಬೆರಳಿಟ್ಟು ಕೇಳಿದರು: ‘ಹಂಗಾರೆ ಮಗೀಗೂ ಪಾಲಿಲ್ವಾ ಸಾಮಿ?’ ಅರ್ಜಿಯಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ವಕೀಲರನ್ನು ಕೇಳಿ, ‘ಇದರಿಂದ ಅಪ್ರಾಪ್ತ ಮಗುವಿನ ಹಕ್ಕಿಗೆ ಯಾವುದೇ ಬಾಧೆ ಇರುವುದಿಲ್ಲ’ ಅಂತ ಸೇರಿಸಿದೆವು. ಗಂಡ ಹೆಂಡತಿ ಬೇರೆಯಾಗಬಹುದು, ಅಪ್ಪ ಮಗಳು ಆಗುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗುವಿನ ಪಾಲು ಹಾಗೇ ಇರುತ್ತದೆ. ತಾಯಿ ತನ್ನದನ್ನು ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡಲು ಅವಳು ಯಾರು? ಪಾಲು ಅನ್ನುವ ಪದ ಪೂರ್ತಿ ಹೊಂದುವುದು ಇಲ್ಲಿಯೇ.

ಹಾಗೆ ನೋಡಿದರೆ ಅವಳಿಗೂ ಪಾಲು ಇದೆ, ತವರಿನಲ್ಲಿ. ಹಳೇ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂದಿತ್ತು. 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಅಳಿಯನ ತೋಟದಲ್ಲಿ ಮಗಳಿಗೆ ಪಾಲು ಕೇಳುವ ಎಷ್ಟೋ ಅಪ್ಪಂದಿರು ತಮ್ಮ ಮನೆಯಲ್ಲಿ ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಷ್ಟು ಕೊಟ್ಟು ಅದೇ ಮಗಳಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಂಡಿರುತ್ತಾರೆ. ಕೈಪಿಡಿಯಲ್ಲಿ ಇದನ್ನು ಇಷ್ಟು ಖಾರವಾಗಿ ಬರೆಯಲು ವಕೀಲರು ಬಿಡುತ್ತಿಲ್ಲ.

ಪಾಲಿನ ಜೊತೆಗೆ ಬರುವ ‘ಪಾರಿಕತ್ತು’ ನೋಡಿ, ಸ್ವಾರಸ್ಯವಾಗಿದೆ. ಪಾಲುಪಾರಿಕತ್ತು ಅಂದರೆ ನಮಗೆ ವಿಭಾಗ ಪತ್ರ. ಮೂಲದಲ್ಲಿ ಅದು ಅರಬ್ಬಿ, ಪಾರ್ಸಿಯ ‘ಫಾರಿಗ್ ಖತ್ತಿ’, ಬಿಡುಗಡೆ ಬರೆದುಕೊಟ್ಟ ಕಾಗದ. ಅದೇ ಪದ ಮರಾಠಿಗೆ ಹೋಗಿ ‘ಫಾರಕತ್’ ಆಗಿ, ಗಂಡ ಹೆಂಡತಿ ಬೇರೆಯಾಗುವುದಕ್ಕೂ ನಿಂತಿದೆ. ಅಲ್ಲಿ ಸಂಬಂಧ ಬಿಡಿಸಿತು, ಇಲ್ಲಿ ಜಮೀನು ಬಿಡಿಸಿತು. ನಮ್ಮ ಸೀಮೆಯಲ್ಲಿ ಯಾರಾದರೂ ಪಾರಿಕತ್ತನ್ನು ಮದುವೆಯ ವಿಷಯಕ್ಕೆ ಬಳಸಿದ್ದನ್ನು ಕೇಳಿದ್ದೀರಾ?

ಡೈವೋರ್ಸ್‌ಗೆ ಉತ್ತರ ಕರ್ನಾಟಕದವರು ‘ಸೋಡಚೀಟಿ’ ಅನ್ನುತ್ತಾರೆ. ನಮ್ಮಲ್ಲಿ ಹಳಬರ ಬಾಯಲ್ಲಿ ‘ಬಿಡುಗಡೆ ಪತ್ರ’. ಎರಡೂ ಚೆನ್ನಾಗಿವೆ, ಆದರೆ ಕೈಪಿಡಿಗೆ ಹಾಕಲು ನನಗೆ ಭಯ. ಈಗಲೂ ಊರಿನಲ್ಲಿ ಪಂಚಾಯ್ತಿ ಸೇರಿಸಿ, ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಮೊಹರು ಹಾಕಿಸಿದರೆ ಡೈವೋರ್ಸ್ ಆಯ್ತು ಅಂತ ನಂಬಿದವರಿದ್ದಾರೆ. ಅದು ಆಗುವುದಿಲ್ಲ. ಜಾತಿಯ ರೂಢಿಯಲ್ಲಿ ಅಂಥ ಬಿಡುಗಡೆ ಇದೆ ಅಂತ ಕೋರ್ಟಿನಲ್ಲಿ ರುಜುವಾತು ಮಾಡಿದರೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಒಪ್ಪುತ್ತದೆ. ‘ಪತ್ರ’ ಅಂದ ಕೂಡಲೇ ಕಾಗದ ಸಾಕು ಅನ್ನಿಸುತ್ತದೆ. ‘ವಿಚ್ಛೇದನ’ವನ್ನು ಸರಿಯಾಗಿ ಉಚ್ಚರಿಸುವವರು ಕೋರ್ಟಿನಲ್ಲೇ ಕಮ್ಮಿ. ಅದಕ್ಕೇ ಸುಮ್ನೆ ‘ಡೈವೋರ್ಸ್’ ಅಂತಲೇ ಇಟ್ಟಿದ್ದೇನೆ. ಬೈಯಬೇಡಿ.

ಇನ್ನು ಮಕ್ಕಳದು. ಸರ್ಕಾರಿ ಕನ್ನಡದಲ್ಲಿ ಕಸ್ಟಡಿಗೆ ‘ಅಭಿರಕ್ಷೆ’. ಯಾರಿಗೂ ಅರ್ಥವಾಗುವುದಿಲ್ಲ. ‘ವಶ’, ‘ಸುಪರ್ದಿ’ ಅಂದರೆ ಅರ್ಥವಾಗುತ್ತದೆ, ಆದರೆ ಅವು ಪೊಲೀಸರ ಮಾತು. ಬೈಕು, ಗಾಂಜಾ, ಆರೋಪಿ ಇವೆಲ್ಲ ವಶವಾಗುವ ಪಟ್ಟಿಗೆ ಮಗುವನ್ನೂ ಸೇರಿಸಲು ನನಗೆ ಮನಸ್ಸಿಲ್ಲ. ಜೊತೆಗೆ ಇಲ್ಲಿ ಎರಡು ಪದ ಬೇಕು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ತಂದೆಯನ್ನು ಸಹಜ ಪೋಷಕ ಅನ್ನುತ್ತದೆ, ಅವನ ನಂತರ ತಾಯಿ. ಅದೇ ಕಲಂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಲೂ ಹೇಳುತ್ತದೆ. ‘ನಂತರ’ ಅಂದರೆ ತಂದೆ ಸತ್ತ ಮೇಲೆ ಅಂತಷ್ಟೇ ಅಲ್ಲ, ಅವನು ಇಲ್ಲದಿರುವಾಗ ಅಂತಲೂ ಓದಬೇಕು ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಮಗು ಇರುವ ಜಾಗ ಒಂದು, ಮಗುವಿನ ಪರವಾಗಿ ಸಹಿ ಹಾಕುವ ಹಕ್ಕು ಇನ್ನೊಂದು. ‘ಪೋಷಕರು’ ಅಂದರೆ ಶಾಲೆಯಲ್ಲಿ ಅಪ್ಪ ಅಮ್ಮ ಇಬ್ಬರೂ. ಜಮೀನಿನ ಕಾಗದದಲ್ಲಿ ‘ಮೈನರ್ ಗಾರ್ಡಿಯನ್’ ಅಂತ ಇರುತ್ತದೆ, ಅದು ಹಳ್ಳಿಯಲ್ಲೂ ಎಲ್ಲರಿಗೂ ಗೊತ್ತು. ಹಾಗಾಗಿ ಗಾರ್ಡಿಯನ್ ಅನ್ನು ಹಾಗೇ ಬಿಟ್ಟು, ಕಸ್ಟಡಿಗೆ ‘ಮಗುವಿನ ಆರೈಕೆ’ ಅಂತ ಇಟ್ಟು ನೋಡಿದೆ. ವಕೀಲರು ‘ಆರೈಕೆ ಅಂದ್ರೆ ಬಾಣಂತಿಗೆ ಮಾಡೋದು’ ಅಂತ ನಕ್ಕರು.

ಖರ್ಚಿನ ವಿಷಯದಲ್ಲಿ ಅಷ್ಟು ಕಷ್ಟವಿಲ್ಲ. ‘ಜೀವನಾಂಶ’ ಹಳ್ಳಿಯಲ್ಲೂ ಓಡುತ್ತದೆ. ಆದರೆ ಕೆಲವು ಪತ್ರಿಕೆಗಳು ‘ಕೋಟಿ ರೂಪಾಯಿ ಪರಿಹಾರ’ ಅಂತ ಬರೆಯುತ್ತವಲ್ಲ, ಅದು ತಪ್ಪು. ಪರಿಹಾರ ಅಂದರೆ ಆದ ನೋವಿಗೆ, ನಷ್ಟಕ್ಕೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅದಕ್ಕೆ ಬೇರೆಯೇ ಕಲಂ ಇದೆ. ಒಂದೇ ಸಲ ಕೊಡುವ ಮೊತ್ತಕ್ಕೆ ‘ಇಡಿಗಂಟು’ ಎಷ್ಟು ಚೆನ್ನಾದ ಪದ! ಕೇಸು ನಡೆಯುವಾಗಲೇ ಕೊಡಿಸುವುದಕ್ಕೆ ‘ಮಧ್ಯಂತರ ಜೀವನಾಂಶ’, ಅದು ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ. 24, 25ರಲ್ಲಿ ಕೈಲಾಗದ ಗಂಡನೂ ಕೇಳಬಹುದು. ಜೀವನಾಂಶ ಕೊಡಿಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಅಲ್ಲಿ ಒಂದು ವಿಶೇಷ ನೋಡಿ: ಡೈವೋರ್ಸ್ ಆಗಿ ಮತ್ತೆ ಮದುವೆಯಾಗದವಳೂ ‘ಹೆಂಡತಿ’ಯೇ. ಸಂಬಂಧ ಮುಗಿದರೂ ಆ ಕಲಂ ಮಟ್ಟಿಗೆ ಪದ ಮುಗಿದಿಲ್ಲ. ‘ಮಾಜಿ ಹೆಂಡತಿ’ ಅಂತ ತಿದ್ದಲು ಹೋಗಬೇಡಿ ಅಂತ ಪ್ರೂಫ್ ನೋಡುವವರಿಗೆ ಚೀಟಿ ಬರೆದಿಟ್ಟಿದ್ದೇನೆ.

ಕರಡು ಅಚ್ಚಿಗೆ ಹೋಗುವ ಮೊದಲು ಕಸ್ಟಡಿಯದೊಂದು ಇತ್ಯರ್ಥವಾಗಬೇಕು. ಮೂಡಿಗೆರೆ, ಕೊಪ್ಪ, ತರೀಕೆರೆ ಕಡೆ ನ್ಯಾಯ ಪಂಚಾಯ್ತಿ ನೋಡಿದವರು ಬಳಗದಲ್ಲಿ ಇದ್ದೀರಿ. ‘ಮಗು ತಾಯಿ ಹತ್ರ ಇರ್ಲಿ’ ಅಂತ ಹಿರಿಯರು ತೀರ್ಮಾನ ಹೇಳುವಾಗ ಆ ‘ಹತ್ರ ಇರೋದಕ್ಕೆ’ ಯಾವ ಪದ ಬಳಸುತ್ತಾರೆ? ‘ಮಡಿಲು’, ‘ಸಾಕಣೆ’, ‘ಒಪ್ಪಣೆ’ ಯಾವುದಾದರೂ ಆಗಲಿ, ಕೇಳಿದ ಊರಿನ ಹೆಸರಿನೊಂದಿಗೆ ತಿಳಿಸಿ.