ಪದಚರ್ಚೆ: ಹೆಂಗಸರು ಪಾಸ್ಟರ್ ಆದರೆ 'ಸಭಾಪಾಲಕಿ'ಯೋ, 'ಸಭಾಪಾಲಕರು' ಸಾಕೋ?

ಗೆಳೆಯರೇ,

ಪ್ರೊಟೆಸ್ಟಂಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೆಂಗಸೊಬ್ಬರು ದೀಕ್ಷೆ ಪಡೆದು ಪಾಸ್ಟರ್ ಆದರೆ ಕನ್ನಡದಲ್ಲಿ ಅವರನ್ನು ಏನೆಂದು ಬರೆಯಬೇಕು? ಎದುರಿಗೆ ಸಿಕ್ಕಾಗ ಏನೆಂದು ಕರೆಯಬೇಕು? ನಿಮ್ಮ ನಿಮ್ಮ ಊರಿನ ರೂಢಿ ತಿಳಿಸಿ.

ಕೇಳೋದಕ್ಕೆ ಕಾರಣ ಇದೆ. ನಾನು ಕಾರವಾರದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಈಚೆಗೆ ಒಂದು ಮದುವೆ ಕರೆಯೋಲೆ ಬಂತು. ಹುಡುಗಿ ಶಿರಸಿಯವಳು, ಮನೆಯವರೆಲ್ಲ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ಮದುವೆ ನಡೆಸಿಕೊಡುವ ಪಾಸ್ಟರ್ ಹೆಂಗಸು. ಹುಡುಗಿ 'ಸಭಾಪಾಲಕಿ' ಎಂದು ಬರೆದುಕೊಟ್ಟಿದ್ದಳು. ಅವಳ ದೊಡ್ಡಪ್ಪ ಕೆಂಪು ಪೆನ್ನಿನಲ್ಲಿ 'ಕಿ' ಹೊಡೆದು 'ಕರು' ಮಾಡಿದ್ದರು. ಹುಡುಗನ ಕಡೆಯವರು ಬೇರೆ ಪಂಗಡದವರು. ಅವರು ಫೋನ್ ಮಾಡಿ "ಸುಮ್ನೆ ಸಹೋದರಿ ಅಂತ ಹಾಕ್ರಿ, ಸಾಕು" ಅಂದರು. ಕೊನೆಗೆ ಹೆಸರಿನ ಮುಂದೆ 'ರೆವ.' ಅಂತಷ್ಟೇ ಹಾಕಿ ಅಚ್ಚಿಗೆ ಕಳಿಸಿದೆವು. ರೆವರೆಂಡ್‌ಗೆ ಗಂಡು ಹೆಣ್ಣಿನ ಭೇದ ಇಲ್ಲ ನೋಡಿ, ಎಲ್ಲರೂ ಒಪ್ಪಿಕೊಂಡರು!

ಮೊದಲು 'ಸಭಾಪಾಲಕಿ'ಯನ್ನೇ ನೋಡೋಣ. ಪಾಸ್ಟರ್ ಅಂದರೆ ಲ್ಯಾಟಿನ್‌ನಲ್ಲಿ ಕುರಿ ಕಾಯುವವನು. ಕನ್ನಡ ಬೈಬಲ್ಲಿನಲ್ಲಿ ಯೇಸು 'ಒಳ್ಳೇ ಕುರುಬ'. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ ಸಭೆಯ ಹುದ್ದೆಗಳ ಪಟ್ಟಿ ಬರುವಲ್ಲಿ 'ಸಭಾಪಾಲಕ' ಎಂದಿದೆ. ಕುರುಬ ಎಂಬುದು ನಮ್ಮಲ್ಲಿ ಜಾತಿಯ ಹೆಸರೂ ಹೌದಲ್ಲ, ಹುದ್ದೆಗೆ ಅದು ಹೊಂದುತ್ತಿರಲಿಲ್ಲ. ಲೇಖಕ-ಲೇಖಕಿ, ಶಿಕ್ಷಕ-ಶಿಕ್ಷಕಿ ಇದ್ದ ಹಾಗೆ ಪಾಲಕ-ಪಾಲಕಿ ಆಗಬೇಕು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೊಂಕಣಿ, ಮರಾಠಿ ಬೆರೆತ ಕಾರವಾರದ ಕಿವಿಗೆ 'ಪಾಲಕಿ' ಅಂದರೆ ದೇವರ ಪಲ್ಲಕ್ಕಿ. ಸಂಸ್ಕೃತದ ದಾರಿ ಹಿಡಿದು 'ಪಾಲಿಕೆ' ಮಾಡಿದರೆ ಮನೆ ಕಂದಾಯ ನೆನಪಾಗುತ್ತದೆ. ಇನ್ನು 'ಪಾಲಕರ ಸಭೆ' ಅಂದರೆ ಈ ಕಡೆ ಶಾಲೆಯಲ್ಲಿ ಅಪ್ಪ ಅಮ್ಮಂದಿರನ್ನು ಕೂರಿಸಿ ಮಕ್ಕಳ ದೂರು ಹೇಳುವ ಕಾರ್ಯಕ್ರಮ. ಚರ್ಚಿನ ಹೊರಗಿನವರಿಗೆ 'ಸಭಾಪಾಲಕ'ದ ಅರ್ಥ ಒಂದೇ ಸಲಕ್ಕೆ ಹೊಳೆಯುವುದಿಲ್ಲ.

ಮಾತಿನಲ್ಲಿ ಬಳಕೆಯಲ್ಲಿರುವುದು 'ಪಾಸ್ಟರಮ್ಮ'. ನಿಜವಾದ ತೊಡಕು ಇರುವುದು ಇಲ್ಲೇ. ಪಾಸ್ಟರಮ್ಮ ಅಂದರೆ ಪಾಸ್ಟರ ಹೆಂಡತಿ. ಸಂಡೇ ಸ್ಕೂಲು, ಹೆಂಗಸರ ಕೂಟ, ಬಾಣಂತಿ ಇದ್ದ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರೋದು, ಎಲ್ಲ ಅವರದೇ. ಸಂಬಳ ಮಾತ್ರ ಗಂಡನಿಗೆ. ಗೌರವದ ಮಾತೇ, ಅನುಮಾನವಿಲ್ಲ. ಆದರೆ ದೀಕ್ಷೆ ಪಡೆದ ಹೆಂಗಸನ್ನು ಹೀಗೆ ಕರೆದರೆ ಏನಾಗುತ್ತದೆ ಗೊತ್ತಾ? ಆ ಮದುವೆಗೆ ನಾನೂ ಹೋಗಿದ್ದೆ. ಪಾಸ್ಟರ್ ಬಿಳಿ ಅಂಗಿ ಹಾಕಿ, ಕೈಯಲ್ಲಿ ಆರಾಧನೆಯ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಬ್ಬ ಅಜ್ಜಿ ಅವರ ಕೈ ಹಿಡಿದು, "ಪಾಸ್ಟರಮ್ಮ ಬಂದ್ರಾ? ಹಾಗಾದ್ರೆ ಪಾಸ್ಟರ್ ಎಲ್ಲಿ?" ಎಂದು ಕೇಳಿದರು.

ಕನ್ನಡದಲ್ಲಿ ಇದು ಹೊಸದಲ್ಲ. ಗೌಡ-ಗೌಡ್ತಿ, ಹೆಗಡೆ-ಹೆಗಡ್ತಿ. ಗೌಡ್ತಿ ಊರಾಳುವವಳಲ್ಲ, ಗೌಡನ ಹೆಂಡತಿ. ಅಧಿಕಾರದ ಹೆಸರಿಗೆ ಹೆಣ್ಣು ರೂಪ ಹಚ್ಚಿದರೆ ಹೆಚ್ಚಾಗಿ ಸಿಗೋದು ಹೆಂಡತಿಯೇ. ಕಸುಬು ಹೆಂಗಸಿನದೇ ಆದಾಗ ಮಾತ್ರ ಬೇರೆ ಲೆಕ್ಕ. ಸೂಲಗಿತ್ತಿ ಯಾವ ಸೂಲಗಿತ್ತನ ಹೆಂಡತಿಯೂ ಅಲ್ಲ. ನಮ್ಮ ಜಿಲ್ಲೆಯ ಶಾಲೆಗಳ 'ಅಕ್ಕೋರು' ಇನ್ನೂ ಚೆನ್ನಾಗಿದೆ. ಗಂಡಸು ಮಾಸ್ತರು, ಹೆಂಗಸು ಅಕ್ಕೋರು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. 'ಡಾಕ್ಟರಮ್ಮ' ಅಂದರೂ ಈಗ ಯಾರಿಗೂ ಡಾಕ್ಟರ ಹೆಂಡತಿ ನೆನಪಾಗುವುದಿಲ್ಲ, ಅಲ್ವಾ?

ಹಾಗಾದರೆ ಪಾಸ್ಟರಮ್ಮನಿಗೂ ಅದೇ ಆಗಬಹುದು ಎನ್ನಬಹುದು. ಆದರೆ ಹೆಂಗಸರು ಡಾಕ್ಟರ್ ಆಗಬಾರದು ಎಂದು ಇವತ್ತು ಯಾರೂ ವಾದ ಮಾಡುವುದಿಲ್ಲ. ಪಾಸ್ಟರ್ ಆಗಬಾರದು ಎನ್ನುವವರು ಬೇಕಾದಷ್ಟಿದ್ದಾರೆ. ಪ್ರೊಟೆಸ್ಟಂಟರಿಗೆ ಪೋಪ್ ಇಲ್ಲ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕಟ್ಟಳೆಯಲ್ಲ. ಸಿಎಸ್‌ಐ ಹುಟ್ಟಿದ್ದೇ 1947ರ ಸೆಪ್ಟೆಂಬರ್‌ನಲ್ಲಿ, ಬೇರೆ ಬೇರೆ ಪಂಗಡಗಳು ಮದರಾಸಿನಲ್ಲಿ ಒಂದಾಗಿ. ಅಲ್ಲಿ ಹೆಂಗಸರಿಗೆ ದೀಕ್ಷೆ ಸಿಗಲು ಶುರುವಾಗಿ ಎಷ್ಟೋ ವರ್ಷವಾಯಿತು. 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪ್ ಆದರು. ಇಂಗ್ಲೆಂಡಿನ ಚರ್ಚಿನಲ್ಲಿ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ, ನಮಗಿಂತ ತಡವಾಗಿ. ಪೆಂಟೆಕೋಸ್ಟಲ್ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್‌ನವರು ಅಮೆರಿಕದಲ್ಲಿ 1935ರಲ್ಲೇ ಹೆಂಗಸರಿಗೆ ಪೂರ್ಣ ದೀಕ್ಷೆ ಕೊಟ್ಟಿದ್ದರು. ಅದೇ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು 2023ರಲ್ಲಿ ಹೆಂಗಸರನ್ನು ಪಾಸ್ಟರ್ ಮಾಡಿದ್ದಕ್ಕೆ ಸ್ಯಾಡಲ್‌ಬ್ಯಾಕ್ ಎಂಬ ದೊಡ್ಡ ಚರ್ಚನ್ನೇ ಹೊರಹಾಕಿದರು. ಮರುವರ್ಷ ಹೆಂಗಸರು ಪಾಸ್ಟರ್ ಆಗಬಾರದು ಎಂಬುದನ್ನು ತಮ್ಮ ಪಂಗಡದ ಸಂವಿಧಾನಕ್ಕೇ ಸೇರಿಸಲು ಹೊರಟರು. ಶೇ 61ರಷ್ಟು ಮತ ಬಿತ್ತು, ಬೇಕಿದ್ದ ಮೂರನೇ ಎರಡು ಭಾಗ ಸಿಗಲಿಲ್ಲ. ಅಲ್ಲಿಯೂ ಜಗಳದ ಬುಡದಲ್ಲಿದ್ದದ್ದು ಇದೇ: ಮಕ್ಕಳಿಗೆ ಕಲಿಸುವ ಹೆಂಗಸಿಗೆ 'ಮಕ್ಕಳ ಪಾಸ್ಟರ್' ಅನ್ನಬಹುದಾ, ಅಥವಾ ಪಾಸ್ಟರ್ ಎಂಬ ಹೆಸರು ಪೂರ್ತಿ ಗಂಡಸರದೇ?

ಎರಡೂ ಕಡೆಯವರು ತೋರಿಸುವುದು ಬೈಬಲ್ಲಿನಲ್ಲಿರುವ ಪೌಲನ ಪತ್ರಗಳನ್ನೇ. ಬೇಡ ಎನ್ನುವವರಿಗೆ ತಿಮೊಥೆಯನಿಗೆ ಬರೆದದ್ದು: ಹೆಂಗಸು ಗಂಡಸಿಗೆ ಉಪದೇಶ ಮಾಡಬಾರದು ಎಂದು ಅಲ್ಲಿದೆ. ಬೇಕು ಎನ್ನುವವರಿಗೆ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಅಲ್ಲಿ ಫೊಯಿಬೆ ಎಂಬ ಹೆಂಗಸಿಗೆ ಪೌಲ ಹೇಳುವುದು 'ದಿಯಾಕೊನೊಸ್'. ಗ್ರೀಕ್‌ನಲ್ಲಿ ಈ ಪದ ಗಂಡು ಹೆಣ್ಣು ಇಬ್ಬರಿಗೂ ಒಂದೇ. ತಿಮೊಥೆಯನ ಪತ್ರದಲ್ಲಿ ಇದೇ ಪದ ಬಂದಾಗ ಅನುವಾದಕರು 'ಸಭಾಸೇವಕ' ಎಂದು ಹುದ್ದೆ ಮಾಡುತ್ತಾರೆ. ಫೊಯಿಬೆಗೆ ಬಂದಾಗ ಎಷ್ಟೋ ಅನುವಾದಗಳಲ್ಲಿ ಬರೀ 'ಸೇವೆ ಮಾಡುವವಳು'. ಹುದ್ದೆ ಅಲ್ಲಿಗೆ ಮಾಯ. ಹುಡುಗನ ಕಡೆಯವರ 'ಸಹೋದರಿ'ಯೂ ಅದೇ ಕೆಲಸ ಮಾಡುತ್ತದೆ. ಕೇಳಲು ಪ್ರೀತಿಯ ಮಾತು, ಆದರೆ ಹುದ್ದೆಯನ್ನು ಒಪ್ಪಿಕೊಂಡ ಹಾಗಾಗುವುದಿಲ್ಲ.

ಉಳಿದ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾದ್ರಿ ಪೋರ್ಚುಗೀಸರಿಂದ ಬಂದದ್ದು, ಮೂಲ ಅರ್ಥವೇ ಅಪ್ಪ. ಗೋವಾ ಪಕ್ಕದಲ್ಲೇ ಇರುವ ಈ ಕರಾವಳಿಯಲ್ಲಿ ಅದು ಕೆಥೊಲಿಕರಿಗೆ ಅಂಟಿಕೊಂಡಿದೆ. ಹೊರಗಿನವರು ಎಲ್ಲರಿಗೂ ಪಾದ್ರಿ ಅನ್ನುತ್ತಾರೆ, ಬಿಡಿ. ಸಿಸ್ಟರ್ ಅಂದರೆ ಕಾನ್ವೆಂಟಿನವರು, ಇಲ್ಲವೇ ಆಸ್ಪತ್ರೆಯವರು. 'ಅಯ್ಯನವರು' ಎಂದು ಕರೆಯುವ ಕಡೆ ಜೋಡಿಯಾಗಿ 'ಅಮ್ಮನವರು' ಇದೆ. ಶಿರಸಿಯಲ್ಲಿ ಅಮ್ಮನವರು ಅಂದರೆ ಮಾರಿಕಾಂಬೆ. ಭಾನುವಾರ ಬೆಳಿಗ್ಗೆ "ಅಮ್ಮನವರು ಮನೆಗೆ ಬಂದಿದ್ದಾರೆ" ಅಂದರೆ ಅಕ್ಕಪಕ್ಕದವರು ಬೇವಿನ ಸೊಪ್ಪು ತಂದಾರು.

ನನಗಂತೂ ದೊಡ್ಡಪ್ಪನ ತಿದ್ದುಪಡಿಯೇ ಸರಿ ಅನ್ನಿಸುತ್ತದೆ. ಕನ್ನಡದ ಗೌರವ ಬಹುವಚನಕ್ಕೆ ಲಿಂಗವಿಲ್ಲ. 'ಸಭಾಪಾಲಕರು ಬಂದರು' ಅಂದರೆ ಯಾರಾದರೂ ಆಗಬಹುದು. ಪ್ರತಿಭಾ ಪಾಟೀಲ್, ದ್ರೌಪದಿ ಮುರ್ಮು ಇಬ್ಬರಿಗೂ ರಾಷ್ಟ್ರಪತಿ ಅಂತಲೇ ಅಂದೆವು. 'ಪತಿ' ಇದ್ದರೂ ಯಾರಿಗೂ ಏನೂ ಅಡ್ಡಿಯಾಗಲಿಲ್ಲ. ಆದರೆ ಹುಡುಗಿಯ ವಾದ ಬೇರೆ. "ಸಭಾಪಾಲಕರು ಅಂತ ಹಾಕಿದ್ರೆ ಓದೋರು ಗಂಡಸು ಅಂತಲೇ ತಿಳ್ಕೋತಾರೆ. ಹೆಂಗಸು ಅಂತ ಗೊತ್ತಾಗಲಿ ಅಂತಲೇ ನಾನು ಬರೆದದ್ದು" ಎಂದಳು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಮಂಗಳೂರು, ಧಾರವಾಡ, ಗದಗ ಕಡೆಯ ಹಳೆಯ ಬಾಸೆಲ್ ಮಿಶನ್ ಸಭೆಗಳವರು ಈ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ವಾರ್ಷಿಕ ವರದಿಗಳಲ್ಲಿ, ಚರ್ಚಿನ ಬಾಗಿಲ ಬೋರ್ಡಿನಲ್ಲಿ ಮಹಿಳಾ ಪಾಸ್ಟರ್ ಹೆಸರಿನ ಮುಂದೆ ಏನು ಬರೆದಿದ್ದಾರೆ? ಮನೆಯಲ್ಲಿ ಕೊಂಕಣಿ ಆಡುವ ಪ್ರೊಟೆಸ್ಟಂಟರು ಏನನ್ನುತ್ತಾರೆ? ಮತ್ತೊಂದು: ಪಾಸ್ಟರ ಹೆಂಡತಿ ಪಾಸ್ಟರಮ್ಮ ಸರಿ. ಮಹಿಳಾ ಪಾಸ್ಟರ ಗಂಡನಿಗೆ ಎಲ್ಲಾದರೂ ಒಂದು ಹೆಸರು ಬಿದ್ದಿದೆಯಾ?