ಮುತ್ತಾತನ ಮೆಡಲಿಗೆ ಜೋಡಿ ಸಿಕ್ಕಿದೆ. ಅಸಲಿಯೋ ನಕಲಿಯೋ ನೋಡಿ ಹೇಳಿ (ಮೈಸೂರು ಲಾನ್ಸರ್ಸ್)

ಶೈಲಾ, ನಂಜನಗೂಡು

ಎಲ್ಲರಿಗೂ ನಮಸ್ಕಾರ. ಅಜ್ಜಿಯ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಒಂದು ಮೆಡಲ್ ಸಿಕ್ಕಿತು. ಅಜ್ಜಿಯ ತಂದೆ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. ಮೊದಲ ಮಹಾಯುದ್ಧದಲ್ಲಿ ಹೈಫಾಕ್ಕೆ (ಈಗಿನ ಇಸ್ರೇಲಿನ ಊರು) ಹೋಗಿ ಬಂದವರು ಅಂತ ಮನೆಯಲ್ಲಿ ಹೇಳುತ್ತಾರೆ. ಮೆಡಲ್ ಬೆಳ್ಳಿಯ ಹಾಗಿದೆ, ಕಪ್ಪು ಹಿಡಿದಿದೆ. ಒಂದು ಕಡೆ ಐದನೇ ಜಾರ್ಜ್ ಮುಖ, ಇನ್ನೊಂದು ಕಡೆ ಕುದುರೆ ಮೇಲೆ ಬರಿಮೈಯ ಗಂಡಸು, ಅಕ್ಕಪಕ್ಕ 1914, 1918. ಅಂಚಿನಲ್ಲಿ ನಂಬರ್, ಸವಾರ್ ಅನ್ನೋ ಪದ, ಮುತ್ತಾತನ ಹೆಸರು, ಪಡೆಯ ಹೆಸರು ಇಂಗ್ಲಿಷಿನಲ್ಲಿದೆ.

ಹಳೆ ಸಾಮಾನು ಮಾರುವವರೊಬ್ಬರಿಗೆ ಅಂಚಿನ ಫೋಟೋ ಕಳಿಸಿ, ಇದರ ಜೊತೆ ಕೊಡುತ್ತಿದ್ದ ಜೋಡಿ ಮೆಡಲ್ ಸಿಗುತ್ತಾ ಅಂತ ಕೇಳಿದ್ದೆ. ಐದು ವಾರ ಬಿಟ್ಟು ಫೋನ್ ಮಾಡಿದರು. ಹಿತ್ತಾಳೆ ಬಣ್ಣದ ವಿಕ್ಟರಿ ಮೆಡಲ್. ಅದೇ ನಂಬರ್, ಅದೇ ಹೆಸರು! 9 ಸಾವಿರ ಕೊಟ್ಟು ತಂದೆ. ಅಮ್ಮನ ಕೈಗಿಟ್ಟಾಗ ಅವರು ಅತ್ತೇಬಿಟ್ಟರು.

ಈಗ ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರ ಒಂದೇ ಥರ ಕಾಣುತ್ತಿಲ್ಲ. ವಿಕ್ಟರಿ ಮೆಡಲಿನ ಹಿಂದೆ 1914-1919 ಅಂತ ಬೇರೆ ಇದೆ. ಯುದ್ಧ ಮುಗಿದದ್ದು 1918ರಲ್ಲಿ ಅಲ್ವಾ? ನಾನು ಮೋಸ ಹೋದೆನಾ?

ಕಿರಣ್_ಹಾಸನ

ಮೊದಲು ಬೆಳ್ಳಿಯದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಮೇಡಂ. ಅಕ್ಷರ ಚೆನ್ನಾಗಿ ಕಾಣುತ್ತೆ, ಆಮೇಲೆ ಫೋಟೋ ಹಾಕಿ.

ಹಳೇಪದಕ, ತುಮಕೂರು

ಶೈಲಾ ಅವರೇ, ದಯವಿಟ್ಟು ತಿಕ್ಕಬೇಡಿ. ಕಿರಣ್ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆ ಕಪ್ಪು ನೂರು ವರ್ಷ ಕೂತು ಆದದ್ದು. ಅಕ್ಷರದ ಗುಳಿಯೊಳಗೂ ಅದೇ ಕಪ್ಪು ಇದ್ದರೆ ಹೆಸರು ಹೊಸದಾಗಿ ಕೊರೆದದ್ದಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ತಿಕ್ಕಿದರೆ ಸಾಕ್ಷಿಯನ್ನೇ ತೊಳೆದ ಹಾಗೆ.

ವರ್ಷದ ವಿಷಯ ಮೊದಲು. 1919 ನೋಡಿ ಹೆದರಬೇಡಿ. ಅಸಲಿ ವಿಕ್ಟರಿ ಮೆಡಲಿನಲ್ಲಿ ಹಾಗೇ ಇರುತ್ತದೆ. ಎರಡು ಮೆಡಲುಗಳನ್ನೂ ಘೋಷಿಸಿದ್ದು 1919ರಲ್ಲೇ, ಹಂಚಿದ್ದು ಅದರ ನಂತರ. ಹೋರಾಟ ನಿಂತದ್ದು 1918ರಲ್ಲಾದರೂ ಶಾಂತಿ ಒಪ್ಪಂದ ಆದದ್ದು 1919ರಲ್ಲಿ.

ಬೆಳ್ಳಿಯದ್ದು ಬ್ರಿಟಿಷ್ ವಾರ್ ಮೆಡಲ್. ಅಗಲ 36 ಮಿ.ಮೀ., ತೂಕ ಹೆಚ್ಚುಕಮ್ಮಿ 31 ಗ್ರಾಂ ಬರಬೇಕು. ಬೆಳ್ಳಿ ಹೌದೋ ಅಲ್ಲವೋ ಅಂತ ಉಜ್ಜಿ ನೋಡೋದು ಬೇಡ. ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ರಿಬ್ಬನ್ ಬಿಚ್ಚಿ, ಮೆಡಲಿಗೆ ತೆಳ್ಳನೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೆ, ಗೋಡೆಗೆ ತಾಗಬಾರದು. ತಕ್ಕಡಿ ತೋರಿಸುವುದು ಮೆಡಲ್ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನಷ್ಟೇ, 31 ಗ್ರಾಂ ಬೆಳ್ಳಿಗೆ ಅದು 3 ಗ್ರಾಂ. ಮೂರೂವರೆ ತೋರಿಸಿದರೆ ಬಿಳಿ ಲೋಹದ ನಕಲಿ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಅಷ್ಟೇ. ಇದೇ ಮೆಡಲನ್ನು ಕೂಲಿ ಪಡೆಯವರಿಗೆ ಕಂಚಿನಲ್ಲಿ ಕೊಟ್ಟರು. ಸವಾರರಿಗೆ ಬೆಳ್ಳಿಯೇ ಸರಿ.

ಭೂತಗನ್ನಡಿ ಹಿಡಿದು ಕುದುರೆಯ ಕಾಲ ಕೆಳಗೆ ನೋಡಿ. ಹದ್ದಿನ ಗುರಾಣಿ, ತಲೆಬುರುಡೆ, ಮೂಳೆ ಇರುತ್ತವೆ. ಟಂಕಿಸಿದ ಮೆಡಲಿನಲ್ಲಿ ಬುರುಡೆಯ ಕಣ್ಣಿನ ಗುಳಿ ಚೂಪಾಗಿ ಕಾಣುತ್ತದೆ. ಅಚ್ಚಿಗೆ ಲೋಹ ಹೊಯ್ದದ್ದಾದರೆ ಅದು ಕರಗಿದ ಬೆಲ್ಲದ ಹಾಗೆ, ಮೈಯೆಲ್ಲ ರವೆ ರವೆ.

ಇನ್ನು ಅಂಚು. ಜೀವ ಇರೋದೇ ಅಲ್ಲಿ. ಅಸಲಿಯಲ್ಲಿ ಹೆಸರನ್ನು ಅಚ್ಚಿನಿಂದ ಒತ್ತಿರುತ್ತಾರೆ. ಅಕ್ಷರದ ತಳ ಚಪ್ಪಟೆ, ಆಳ ಒಂದೇ ಸಮ, ಸಾಲು ನೇರ. ಕೈಯಿಂದ ಕೊರೆದದ್ದಾದರೆ ಗೆರೆ ಕಣಿವೆಯ ಹಾಗಿರುತ್ತದೆ, ತುದಿಯಲ್ಲಿ ಉಳಿ ಜಾರಿದ ಬಾಲ ಕಾಣುತ್ತದೆ. ಮೆಡಲ್ ಅಸಲಿಯೇ ಆಗಿ, ಹೆಸರು ಮಾತ್ರ ಬದಲಾಗಿರಬಹುದು. ಹಳೆ ಹೆಸರನ್ನು ಅರದಿಂದ ಉಜ್ಜಿ ಹೊಸದನ್ನು ಹಾಕುತ್ತಾರೆ. ಅಂಚು ಉಜ್ಜಿದರೆ ಅಗಲ ಕಡಿಮೆಯಾಗಲೇಬೇಕು. ವಿಕ್ಟರಿ ಮೆಡಲೂ 36 ಮಿ.ಮೀ. ವರ್ನಿಯರ್ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯುವ ಸಾಧನ) ಹಿಡಿದು ನಾಲ್ಕು ಕಡೆ ಅಳೆಯಿರಿ.

ನಿಮ್ಮ ಕಥೆಯಲ್ಲಿ ನನಗೆ ನೋವಾದದ್ದು ಒಂದೇ ಜಾಗ. ಅಂಚಿನ ಫೋಟೋ ಮೊದಲು ನೀವು ಕಳಿಸಿದಿರಿ, ಜೋಡಿ ಆಮೇಲೆ ಸಿಕ್ಕಿತು. ಹೆಸರು, ನಂಬರ್ ಯಾವತ್ತೂ ಮೊದಲು ಹೇಳಬಾರದು. ನಾನೂ ಇದನ್ನು ದುಡ್ಡು ಕೊಟ್ಟೇ ಕಲಿತೆ. ನನ್ನ ಮೊದಲ ದೊಡ್ಡ ಖರೀದಿ ಶ್ರೀರಂಗಪಟ್ಟಣದ ಮೆಡಲ್. 1799ರಲ್ಲಿ ಕೋಟೆ ಬಿದ್ದಮೇಲೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಸಿಂಹ ಹುಲಿಯನ್ನು ಕೆಡವಿರುವ ಚಿತ್ರದ್ದು. ಅದನ್ನೇ ಹುಡುಕುತ್ತಿದ್ದೇನೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಒಬ್ಬರು ತಂದೇಬಿಟ್ಟರು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯದ್ದು 48 ಮಿ.ಮೀ., ಕಲ್ಕತ್ತಾದ್ದು 45. ನನ್ನದು 47 ಇತ್ತು. ಸೋಹೋದ್ದರಿಂದ ಅಚ್ಚು ತೆಗೆದು ಹೊಯ್ದಿದ್ದರು. ಲೋಹ ಆರುವಾಗ ಕುಗ್ಗುತ್ತದೆ, ಆ 1 ಮಿ.ಮೀ. ಹೋದದ್ದು ಹಾಗೆ. ಎರಡು ತಿಂಗಳ ಸಂಬಳವೂ ಅದರ ಜೊತೆ ಹೋಯಿತು. ಅವತ್ತಿನಿಂದ ವರ್ನಿಯರ್ ಇಲ್ಲದೆ ನಾನು ಹೊರಗೆ ಹೋಗುವುದಿಲ್ಲ.

ಮಂಜುಳಾ_ಬೆಂಗಳೂರು

ರಿಬ್ಬನ್ ಬಗ್ಗೆ ಒಂದು ಮಾತು. ನೋಟು ಪರೀಕ್ಷೆ ಮಾಡುವ ನೇರಳೆ ದೀಪದ ಕೆಳಗೆ ಹಿಡಿಯಿರಿ. ದಾರ ಬಿಳಿಯಾಗಿ ಹೊಳೆದರೆ ರಿಬ್ಬನ್ ಈಚಿನದು. ಅಷ್ಟಕ್ಕೇ ಮೆಡಲ್ ನಕಲಿ ಅಂದುಕೊಳ್ಳಬೇಡಿ, ಹರಿದುಹೋದಾಗ ಮನೆಯವರೇ ಬದಲಾಯಿಸಿರುತ್ತಾರೆ.

ಇನ್ನೊಂದು. ಮೈಸೂರು ಲಾನ್ಸರ್ಸ್ 1914ರ ಕೊನೆಗೇ ಈಜಿಪ್ಟಿಗೆ ಹೋಗಿದ್ದರು. 1915 ಮುಗಿಯುವುದರೊಳಗೆ ನಿಮ್ಮ ಮುತ್ತಾತ ಅಲ್ಲಿ ಸೇರಿದ್ದರೆ ಅವರಿಗೆ ಮೂರನೆಯದೂ ಬಂದಿರಬೇಕು. 1914-15 ಸ್ಟಾರ್, ಕಂಚಿನ ನಕ್ಷತ್ರ. ಅದರಲ್ಲಿ ಹೆಸರು ಅಂಚಿನಲ್ಲಲ್ಲ, ಬೆನ್ನಿನ ಮೇಲೆ. ಟ್ರಂಕನ್ನು ಇನ್ನೊಮ್ಮೆ ನೋಡಿ. ಅವರು ಸಂಸ್ಥಾನದ ಪಡೆಯವರಾದ್ದರಿಂದ ಯಾರಿಗೆ ಯಾವ ಮೆಡಲ್ ಅಂತ ಬರೆದಿಟ್ಟ ಇಂಗ್ಲೆಂಡಿನ ಮೆಡಲ್ ಕಾರ್ಡುಗಳಲ್ಲಿ ಹುಡುಕುವುದಕ್ಕಿಂತ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಮಿಲಿಟರಿ ಕಡತ ಕೇಳುವುದು ಒಳ್ಳೆಯದು. ಹಾಗೇ, ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ವಿದೇಶದವರು ಕೇಳಿದರು ಅಂತ ಯಾವುದನ್ನೂ ಪೋಸ್ಟಿನಲ್ಲಿ ಕಳಿಸಬೇಡಿ.

ಶೈಲಾ, ನಂಜನಗೂಡು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಕ್ಕಸಾಲಿಗರಾದ ನಮ್ಮ ಮಾವನ ಅಂಗಡಿಯಲ್ಲಿ ಕೂತು ಎಲ್ಲ ಮಾಡಿದೆವು. ಬೆಳ್ಳಿಯದ್ದು ಎಲ್ಲ ಕಡೆ 36. ನೀರಿನಲ್ಲಿ 3.0 ತೋರಿಸಿತು. ಬುರುಡೆಯ ಕಣ್ಣು ಚೂಪಾಗಿದೆ, ಅಕ್ಷರದೊಳಗೆ ಕಪ್ಪು ಹಾಗೇ ಇದೆ. ಮುತ್ತಾತನದ್ದು ಮುತ್ತಾತನದ್ದೇ.

ವಿಕ್ಟರಿ ಮೆಡಲ್ ಒಂದು ಕಡೆ 36, ಇನ್ನೊಂದು ಕಡೆ 35.4. ಅಕ್ಷರಕ್ಕೆ ಬಾಲ ಇದೆ. ಮಾವ ದೀಪ ಓರೆಯಾಗಿ ಹಿಡಿದಾಗ ನಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರಿನ ನೆರಳು ಕಂಡಿತು. ಎಸ್, ಐ, ಎನ್ ಅಂತ ಮೂರು ಅಕ್ಷರ ಓದಬಹುದು. ಸಿಂಗ್ ಇರಬೇಕು. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅದು ಯಾರ ಮನೆಯದ್ದೋ" ಅಂದರು.

ವಾಪಸ್ ಕೊಟ್ಟರೆ ಇನ್ನೊಂದು ಸಲ ಉಜ್ಜಿ ಇನ್ಯಾರಿಗೋ ಮಾರುತ್ತಾರೆ. ಅದಕ್ಕೇ ದುಡ್ಡು ಕೇಳಲು ಹೋಗುತ್ತಿಲ್ಲ. ಅಂಚಿನ ಎಂಟು ಫೋಟೋ ಓರೆ ಬೆಳಕಿನಲ್ಲಿ ತೆಗೆದು ಕೆಳಗೆ ಹಾಕಿದ್ದೇನೆ. ಹಳೇಪದಕ ಸರ್, ಮಂಜುಳಾ ಅವರೇ, ಸಿಂಗ್ ಹಿಂದಿನ ಅಕ್ಷರಗಳು ನಿಮಗೇನಾದರೂ ಕಾಣುತ್ತವಾ?