ಬೆಳಿಗ್ಗೆ ಮೊದಲ ಸಲಕ್ಕೆ ಬೂಟ್ ಆಗ್ತಿಲ್ಲ: ಎಸ್‌ಎಂಪಿಎಸ್ ಕೆಟ್ಟಿದೆಯಾ? ವಾರಂಟಿಗೆ ಹೇಗೆ ಕಳಿಸೋದು?

ಪ್ರಶ್ನೆ:
650 ವ್ಯಾಟ್ ಮಾಡ್ಯುಲರ್ (ಕೇಬಲ್ ಬಿಡಿಸಬಹುದಾದ) ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ, ನಾಲ್ಕನೇ ವರ್ಷ, ವಾರಂಟಿ ಐದು ವರ್ಷ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತವೆ, ಡಿಸ್‌ಪ್ಲೇ ಬರಲ್ಲ. ನಾಲ್ಕೈದು ಸಲ ಆಫ್-ಆನ್ ಮಾಡಿದ ಮೇಲೆ ಬೂಟ್ ಆಗುತ್ತೆ, ಆಮೇಲೆ ದಿನವಿಡೀ ತೊಂದರೆ ಇಲ್ಲ. ರ‍್ಯಾಮ್ ತೆಗೆದು ಹಾಕಿ ನೋಡಾಯ್ತು.

ಉತ್ತರ:
ತಣ್ಣಗಿದ್ದಾಗ ಏಳದೆ ಬಿಸಿಯಾದ ಮೇಲೆ ಸರಿಹೋದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆಯೇ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತಾ ಬಂದಂತೆ ಅದರ ಒಳರೋಧ ಏರುತ್ತದೆ, ತಣ್ಣಗಿದ್ದಾಗ ಇನ್ನೂ ಹೆಚ್ಚು. ವೋಲ್ಟೇಜ್ ಸರಿಯಾಗಿ ನಿಲ್ಲದಿದ್ದರೆ ಬೂದು ವೈರಿನಲ್ಲಿ ‘ಪವರ್ ಗುಡ್’ ಸಿಗ್ನಲ್ ಬರುವುದಿಲ್ಲ. ಅದು ಬರುವ ತನಕ ಮದರ್‌ಬೋರ್ಡು ಪ್ರೊಸೆಸರನ್ನು ರೀಸೆಟ್‌ನಲ್ಲೇ ಇಟ್ಟಿರುತ್ತದೆ. ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಬಾರದಿರುವುದು ಅದಕ್ಕೇ.

ನಾಳೆ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮೊದಲೇ ಎಸ್‌ಎಂಪಿಎಸ್‌ನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿರಿ, ಬಿಸಿಯಾದ ಮೇಲೆ ಅಳೆದರೆ ದೋಷ ಅಡಗಿಕೊಳ್ಳುತ್ತದೆ. ಮೇನ್ಸ್ ಪ್ಲಗ್ ಕಿತ್ತು ಎಲ್ಲ ಕನೆಕ್ಟರ್ ಬಿಡಿಸಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್‌ನ ಕನೆಕ್ಟರಿನಲ್ಲಿ, ಎಸ್‌ಎಂಪಿಎಸ್ ಆನ್ ಮಾಡುವ ಹಸಿರು ವೈರನ್ನು ಪಕ್ಕದ ಕಪ್ಪಿಗೆ ಪೇಪರ್ ಕ್ಲಿಪ್‌ನಿಂದ ಜೋಡಿಸಿ. ವೈರೆಲ್ಲ ಕಪ್ಪಾಗಿದ್ದರೆ, ಒಂದು ತೂತು ಖಾಲಿಯಿರುವ ಸಾಲು ಹುಡುಕಿ. ಆ ಖಾಲಿ ತೂತಿನಿಂದ ದೂರವಿರುವ ತುದಿಯಿಂದ ಎಣಿಸಿದರೆ ನಾಲ್ಕನೆಯದು ಹಸಿರಿನ ಜಾಗ, ಅದರ ಎರಡೂ ಪಕ್ಕ ಗ್ರೌಂಡ್, ಅಂದರೆ ಕಪ್ಪಿನ ಜಾಗ. ಲೋಡಿಗೆ ಒಂದು ಕೇಸ್ ಫ್ಯಾನ್ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ, ಒಂದೊಂದು ಬಣ್ಣದ ವೈರಿನ ವೋಲ್ಟೇಜ್ ನೋಡಿ. ಎಸ್‌ಎಂಪಿಎಸ್‌ನದೇ ಫ್ಯಾನ್ ತಿರುಗದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಲೋಡ್ ಕಡಿಮೆಯಿದ್ದಾಗ ಫ್ಯಾನ್ ನಿಲ್ಲಿಸುವ ಮಾಡೆಲ್‌ಗಳಿವೆ.

ಕೇಳಿದವರು:
ಬೆಳಿಗ್ಗೆ ಅಳೆದೆ. ವೋಲ್ಟಿನಲ್ಲಿ ನೇರಳೆ 5.03, ಕೆಂಪು 4.96, ಕಿತ್ತಳೆ 3.31, ಹಳದಿ 10.9, ಬೂದು 0.1. ಹತ್ತು ನಿಮಿಷ ಬಿಟ್ಟು ಹಳದಿ 11.7, ಬೂದು 4.9. ಬಿಚ್ಚಿ ಕೆಪಾಸಿಟರ್ ಬದಲಿಸಬಹುದಾ?

ಉತ್ತರ:
ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಅದು ಪ್ರಾಣ ತೆಗೆಯುವಷ್ಟು. ಸೀಲ್ ಹರಿದರೆ ವಾರಂಟಿಯೂ ಹೋಗಬಹುದು.

ಹಳದಿ ವೈರು 12 ವೋಲ್ಟಿನದು, ಮಿತಿ 5 ಶೇಕಡಾ ಆಚೀಚೆ, ಅಂದರೆ 11.4ರಿಂದ 12.6. ನಿಮ್ಮದು 10.9, ಪವರ್ ಗುಡ್ ಇಲ್ಲ. ಮದರ್‌ಬೋರ್ಡ್ ಜೋಡಿಸದೆಯೇ ಹೀಗಿರುವುದರಿಂದ ದೋಷ ಎಸ್‌ಎಂಪಿಎಸ್‌ದೇ. ನಾಳೆ ಇನ್ನೊಮ್ಮೆ ಮೀಟರಿನ ರೀಡಿಂಗ್ ಕಾಣುವಂತೆ ವಿಡಿಯೋ ಮಾಡಿ. ದೂರಿನ ಮೊದಲ ಇಮೇಲಿನಲ್ಲೇ ಬಿಲ್ಲು, ಸೀರಿಯಲ್ ನಂಬರಿನ ಫೋಟೋ, ಎರಡೂ ಹೊತ್ತಿನ ರೀಡಿಂಗ್, ‘ರಾತ್ರಿಯೆಲ್ಲ ಆಫ್ ಇದ್ದು ತಣ್ಣಗಾದ ಮೇಲೆ ಮಾತ್ರ ಬರುವ ದೋಷ’ ಎಂಬ ಸಾಲು ಹಾಕಿ. ಈ ಸಾಲು ತಪ್ಪಿಸಬೇಡಿ. ಸರ್ವಿಸ್ ಸೆಂಟರಿನವರು ಬಿಸಿಯಿದ್ದಾಗ ಪರೀಕ್ಷಿಸಿದರೆ ‘ದೋಷ ಕಂಡುಬಂದಿಲ್ಲ’ ಎಂದು ಅದೇ ಯೂನಿಟ್ ವಾಪಸ್ ಬಂದೀತು.

ಅವರು ರಿಟರ್ನ್ ನಂಬರ್ ಕೊಟ್ಟ ಮೇಲಷ್ಟೇ ಕಳಿಸಿ, ಆ ನಂಬರನ್ನು ಡಬ್ಬಿಯ ಹೊರಗೆ ಬರೆಯಿರಿ. ಭಾರದ ವಸ್ತು, ಸುತ್ತ ಐದು ಸೆಂಟಿಮೀಟರಿನಷ್ಟು ಫೋಮ್ ಇರಲಿ.

ಇನ್ನೊಬ್ಬರು:
ಕೇಬಲ್ ವಿಷಯ ಸೇರಿಸುತ್ತೇನೆ. ಕೇಬಲ್ ಕಳಿಸಬೇಕೋ ಬೇಡವೋ ಎಂದು ಕಂಪನಿಯವರನ್ನೇ ಕೇಳಿ. ಬದಲಿಗೆ ಬೇರೆ ಮಾಡೆಲ್ ಬಂದರೆ ಕೇಸಿನ ಹಿಂದೆ ಕಟ್ಟಿರುವ ಹಳೆಯ ಕೇಬಲ್ ಒಂದನ್ನೂ ಬಿಡದೆ ತೆಗೆಯಿರಿ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಒಂದೊಂದು ಕಂಪನಿಯದು ಒಂದೊಂದು ಥರ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಮಾತ್ರ ಸಲೀಸಾಗಿ ಕೂರುತ್ತದೆ. ಹಾರ್ಡ್‌ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕೇಬಲ್ ಹಾಗೆ ಅದಲುಬದಲಾದರೆ 5 ವೋಲ್ಟಿನ ಜಾಗಕ್ಕೆ 12 ಹೋಗಿ ಹಾರ್ಡ್‌ಡಿಸ್ಕ್ ಆ ಕ್ಷಣದಲ್ಲೇ ಸುಡಬಹುದು, ಒಳಗಿನ ಡೇಟಾ ಯಾವ ವಾರಂಟಿಯಲ್ಲೂ ವಾಪಸ್ ಬರುವುದಿಲ್ಲ.